ಜ್ವರ ಇಲ್ಲದೆಯೂ ಬರೆಯಬಹುದಾದ ಇಂಗ್ಲಿಷ್

ಪೆರ್ಡೂರಿನ ಯಾವ ಮನೆಯ ಹೈಸ್ಕೂಲು ಮಕ್ಕಳನ್ನು ಬೇಕಾದರೂ ಕೇಳಿ ನೋಡಿ, ಇಂಗ್ಲಿಷಿನ ಒಂದು ಪತ್ರವನ್ನು ಕಣ್ಣು ಮುಚ್ಚಿ ಹೇಳುತ್ತಾರೆ. ‘ರೆಸ್ಪೆಕ್ಟೆಡ್ ಸರ್, ಆ್ಯಸ್ ಐ ಆ್ಯಮ್ ಸಫರಿಂಗ್ ಫ್ರಮ್ ಫೀವರ್...’ ನಾವೂ ಅದನ್ನೇ ಬರೆದು ಬಂದವರು, ನಮ್ಮ ಮಕ್ಕಳೂ ಅದನ್ನೇ ಬರೆಯುತ್ತಿದ್ದಾರೆ. ಅಕ್ಕನ ಮದುವೆಗೆ ಎರಡು ದಿನ ರಜೆ ಬೇಕಾದರೂ ಜ್ವರ. ಬಾಪ ಗಲ್ಫಿನಿಂದ ಬರುವ ದಿನ ಮಂಗಳೂರು ಏರ್‌ಪೋರ್ಟಿಗೆ ಹೋಗುವುದಿದ್ದರೂ ಜ್ವರ. ಯಾಕೆಂದರೆ ಬಾಯಿಪಾಠ ಬರುವ ಪತ್ರದಲ್ಲಿ ಇರುವುದು ಜ್ವರ ಮಾತ್ರ. ಸುಳ್ಳು ಹೇಳಬೇಕೆಂದು ಹುಡುಗ ಬರೆದದ್ದಲ್ಲ. ಏರ್‌ಪೋರ್ಟಿಗೆ ಹೋಗುವ ಸಂಗತಿ ಹೇಳಲು ಬೇಕಾದ ಎರಡು ಸಾಲು ಅವನ ಕೈಯಲ್ಲಿ ಇಲ್ಲ, ಅಷ್ಟೇ.

ನಗು ಬರುವ ವಿಷಯ ಹೌದು. ಆದರೆ ಈ ಜ್ವರದ ಪತ್ರ ಬರೆದೇ ಹತ್ತನೇ ಕ್ಲಾಸು ದಾಟಿದ ಹುಡುಗ ಮುಂದೆ ವಿಜ್ಞಾನ ತೆಗೆದುಕೊಂಡರೆ ಪುಸ್ತಕ ಇಂಗ್ಲಿಷಿನಲ್ಲಿ, ಪಾಠ ಇಂಗ್ಲಿಷಿನಲ್ಲಿ, ಉತ್ತರ ಬರೆಯುವುದೂ ಹೆಚ್ಚಾಗಿ ಇಂಗ್ಲಿಷಿನಲ್ಲಿ. ಬುದ್ಧಿ ಇದ್ದೂ ಪಿಯುಸಿಯಲ್ಲಿ ಮುಗ್ಗರಿಸಿ ಓದು ಬಿಟ್ಟವರು ನಮ್ಮ ಪ್ರತಿಯೊಂದು ಮೊಹಲ್ಲಾದಲ್ಲೂ ಸಿಗುತ್ತಾರೆ. ಆ ಭಯದಿಂದಲೇ ಎಷ್ಟೋ ಮನೆಯವರು ಕೈಯಲ್ಲಿ ಇಲ್ಲದ ದುಡ್ಡು ಹೊಂದಿಸಿ ಮಕ್ಕಳನ್ನು ದೂರದ ಇಂಗ್ಲಿಷ್ ಮಾಧ್ಯಮ ಶಾಲೆಯ ವ್ಯಾನಿಗೆ ಹತ್ತಿಸುತ್ತಾರೆ. ಅಲ್ಲಿ ಮಾತಿನ ಇಂಗ್ಲಿಷ್ ಸ್ವಲ್ಪ ಬೇಗ ಬರುತ್ತದೆ ನಿಜ. ಬರೆಯುವುದು ಬರುತ್ತದಾ? ನೋಟ್ಸನ್ನು ನೋಟ್‌ಬುಕ್ಕಿಗೆ ಇಳಿಸುವುದು ಬರವಣಿಗೆ ಎಂದಾದರೆ ಬರುತ್ತದೆ. ತನ್ನ ತಲೆಯಲ್ಲಿ ಇರುವುದನ್ನು ತಾನೇ ನಾಲ್ಕು ಸಾಲಿನಲ್ಲಿ ಹೇಳುವುದು ಎಂದಾದರೆ, ಆ ವ್ಯಾನು ಹತ್ತಿದವರಿಗೂ ಹತ್ತದವರಿಗೂ ನಾವು ಕಂಡಂತೆ ದೊಡ್ಡ ವ್ಯತ್ಯಾಸ ಏನಿಲ್ಲ.

ಹರೇಕಳ ಹಾಜಬ್ಬರ ಕತೆ ನಮ್ಮ ಓದುಗರಿಗೆ ಹೊಸದಲ್ಲ. ಕಿತ್ತಳೆ ಮಾರುತ್ತಿದ್ದವರ ಹತ್ತಿರ ವಿದೇಶಿಯರು ಬಂದು ಇಂಗ್ಲಿಷಿನಲ್ಲಿ ಬೆಲೆ ಕೇಳಿದರು, ಇವರಿಗೆ ಉತ್ತರ ಹೇಳಲು ಬರಲಿಲ್ಲ. ಆ ನೋವಿನಿಂದ ಊರಿಗೆ ಒಂದು ಶಾಲೆ ಬಂತು, 2020ರಲ್ಲಿ ಪದ್ಮಶ್ರೀಯೂ ಬಂತು. ಆದರೆ ಗಮನಿಸಿ, ಹಾಜಬ್ಬರನ್ನು ತಡೆದದ್ದು ಮಾತಿನ ಇಂಗ್ಲಿಷ್. ನಮ್ಮ ಈಗಿನ ತಲೆಮಾರು ಆ ಹೊಳೆಯನ್ನು ಹೇಗೋ ದಾಟಿದೆ. ದುಬೈ, ದಮಾಮಿನಲ್ಲಿ ಇಪ್ಪತ್ತು ವರ್ಷ ದುಡಿದವರು ಹಿಂದಿ, ಅರಬಿ, ಇಂಗ್ಲಿಷ್ ಮೂರನ್ನೂ ಕಲಸಿ ಯಾರ ಹತ್ತಿರ ಬೇಕಾದರೂ ವ್ಯವಹಾರ ಮುಗಿಸಿ ಬರುತ್ತಾರೆ. ಅದೇ ಮನುಷ್ಯನಿಗೆ ‘ಮೂರು ತಿಂಗಳ ಸಂಬಳ ಬಾಕಿ ಇದೆ’ ಎಂದು ಕಂಪೆನಿಗೆ ಒಂದು ಮೈಲ್ ಹಾಕಬೇಕಾದರೆ ರೂಮಿನಲ್ಲಿರುವ ಯಾರದೋ ಕೈಕಾಲು ಹಿಡಿಯಬೇಕು. ವಿದೇಶಾಂಗ ಸಚಿವಾಲಯ 2015ರಲ್ಲಿ ‘ಮದದ್’ ಎಂಬ ದೂರಿನ ವ್ಯವಸ್ಥೆ ತಂದಿತು. ಅಲ್ಲಿ ದೂರು ಕೊಡುವುದೆಂದರೆ ಬರೆಯುವುದೇ: ಏನಾಯಿತು, ಯಾವಾಗ ಆಯಿತು, ಈಗ ಏನು ಬೇಕು. ಜ್ವರದ ಪತ್ರ ಅಲ್ಲಿ ಉಪಯೋಗಕ್ಕೆ ಬರುವುದಿಲ್ಲ ಮಾರಾಯ್ರೆ.

ಇನ್ನು ಶಾಲೆಯ ಲೆಕ್ಕ ನೋಡೋಣ. ಕನ್ನಡ ಮಾಧ್ಯಮದ ಸರಕಾರಿ ಶಾಲೆಯಲ್ಲಿ ಒಂದನೇ ಕ್ಲಾಸಿನಿಂದಲೇ ಇಂಗ್ಲಿಷ್ ಒಂದು ವಿಷಯವಾಗಿ ಬಂದದ್ದು 2007-08ರಲ್ಲಿ. ಅಂದರೆ ಈಗ ಎಸೆಸೆಲ್ಸಿ ಬರೆಯುವವರು ಪೂರ್ತಿ ಹತ್ತು ವರ್ಷ ಇಂಗ್ಲಿಷ್ ಪುಸ್ತಕ ಹಿಡಿದವರು. ದ್ವಿತೀಯ ಭಾಷೆಯ 100 ಅಂಕದಲ್ಲಿ 80 ಬರೆದು ಗಳಿಸಬೇಕಾದದ್ದು, ಉಳಿದ 20 ಆಂತರಿಕ ಮೌಲ್ಯಮಾಪನದ್ದು. ಪತ್ರ, ಪ್ರಬಂಧ, ಚಿತ್ರ ನೋಡಿ ಬರೆಯುವುದು, ಸುಳಿವು ಹಿಡಿದು ಕತೆ ಬೆಳೆಸುವುದು ಎಲ್ಲವೂ ಪ್ರಶ್ನೆಪತ್ರಿಕೆಯಲ್ಲಿ ಇರುತ್ತವೆ. ಕಾಗದದ ಮೇಲೆ ನೋಡಿದರೆ ಏನೂ ಕೊರತೆ ಇಲ್ಲ. ಕೊರತೆ ಎಲ್ಲಿ ಅಂದರೆ, ಆ ಪತ್ರವನ್ನು ಯಾರೂ ಪತ್ರ ಎಂದು ಓದುವುದಿಲ್ಲ. ‘ನಿನ್ನ ಗೆಳೆಯನಿಗೆ ಶಾಲಾ ಪ್ರವಾಸದ ಬಗ್ಗೆ ಪತ್ರ ಬರೆ’ ಎಂಬ ಪ್ರಶ್ನೆಗೆ ಬರೆದ ಪತ್ರ ಯಾವ ಗೆಳೆಯನಿಗೂ ತಲುಪುವುದಿಲ್ಲ. ಪ್ರವಾಸವೂ ಆಗಿರುವುದಿಲ್ಲ. ಮೌಲ್ಯಮಾಪಕರು ವಿಳಾಸ ಎಲ್ಲಿದೆ, ತಾರೀಕು ಎಲ್ಲಿದೆ, ‘ಯುವರ್ಸ್ ಲವಿಂಗ್ಲಿ’ ಇದೆಯಾ ಎಂದು ನೋಡಿ ಅಂಕ ಹಾಕುತ್ತಾರೆ. ಅವರದ್ದು ತಪ್ಪಲ್ಲ, ಅವರ ಎದುರು ರಾಶಿ ಪತ್ರಿಕೆ ಇರುತ್ತದೆ. ಆದರೆ ಹತ್ತು ವರ್ಷ ಒಬ್ಬ ಮನುಷ್ಯನಿಗೂ ತಲುಪದ ಪತ್ರ ಬರೆದರೆ ಕೈ ಹೇಗೆ ಪಳಗಬೇಕು?

ಇಲ್ಲಿ ನಾವು ನಮ್ಮ ಬ್ಯಾರಿ ಮನೆಯ ಒಂದು ಸಂಗತಿ ನೆನಪಿಸಬೇಕು. ಇದನ್ನು ನಾವೇ ಹೆಚ್ಚು ಗಮನಿಸಿಲ್ಲ. ನಮ್ಮ ಮಗು ಮನೆಯಲ್ಲಿ ಆಡುವುದು ಬ್ಯಾರಿ. ಅಂಗಳ ದಾಟಿದರೆ ತುಳು. ಶಾಲೆಯಲ್ಲಿ ಬರೆಯುವುದು ಕನ್ನಡ. ಬೆಳಿಗ್ಗೆ ಮದ್ರಸದಲ್ಲಿ ಬಲದಿಂದ ಎಡಕ್ಕೆ ಅರಬಿ ಅಕ್ಷರ, ಆರನೇ ಕ್ಲಾಸಿಗೆ ಬಂದಾಗ ಹಿಂದಿಗೆ ನಾಗರಿ ಅಕ್ಷರ, ಇಂಗ್ಲಿಷಿಗೆ ಇನ್ನೊಂದು. ಹನ್ನೆರಡು ವರ್ಷದ ಹುಡುಗಿಯ ಚೀಲದಲ್ಲಿ ನಾಲ್ಕು ಲಿಪಿ. ಇಷ್ಟೆಲ್ಲ ಇದ್ದೂ ಮನೆಯ ಮಾತನ್ನು ಬರೆಯುವ ಅಭ್ಯಾಸ ಮಾತ್ರ ನಮಗೆ ಶಾಲೆಯಲ್ಲಿ ಆಗಲಿಲ್ಲ. ಬ್ಯಾರಿಯನ್ನು ನಾವು ಬರೆದದ್ದೆಲ್ಲ ಹೆಚ್ಚಾಗಿ ಕನ್ನಡ ಅಕ್ಷರದಲ್ಲಿ. ಕರ್ನಾಟಕ ಬ್ಯಾರಿ ಸಾಹಿತ್ಯ ಅಕಾಡಮಿ ಒಂದು ಲಿಪಿಯನ್ನು ಹೊರತಂದದ್ದೇ 2020ರಲ್ಲಿ.

ಅಂದರೆ ಏನಾಯಿತು? ನಮ್ಮ ಮಗುವಿಗೆ ಕನ್ನಡವೇ ಎರಡನೇ ಭಾಷೆ. ಒಂದನೇ ಕ್ಲಾಸಿನ ಬೆಂಚಿನಲ್ಲಿ ಕೂತ ದಿನದಿಂದ ಅದು ತನ್ನದಲ್ಲದ ಭಾಷೆಯಲ್ಲಿಯೇ ಬರೆಯಲು ಕಲಿತಿದೆ, ಚೆನ್ನಾಗಿಯೇ ಕಲಿತಿದೆ. ಮದುವೆ ಕಾಗದಕ್ಕೆ ಒಕ್ಕಣೆ ಬರೆಯುವವರು, ಗ್ರಾಮ ಪಂಚಾಯತಿಗೆ ಅರ್ಜಿ ಬರೆಯುವವರು, ಮಸೀದಿಯ ನೋಟಿಸು ಬೋರ್ಡಿಗೆ ಬರೆಯುವವರು, ಈ ಪುಟಕ್ಕೆ ಲೇಖನ ಕಳಿಸುವವರು, ಎಲ್ಲರೂ ಮನೆಯಲ್ಲಿ ಇಲ್ಲದ ಭಾಷೆಯನ್ನು ಬರೆದು ಬರೆದು ತಮ್ಮದು ಮಾಡಿಕೊಂಡವರು. ಹಾಗಾದರೆ ಕನ್ನಡ ಬಂತು, ಇಂಗ್ಲಿಷ್ ಯಾಕೆ ಬರಲಿಲ್ಲ? ಕನ್ನಡಕ್ಕೆ ಬ್ಯಾರಿ ಹತ್ತಿರದ ಭಾಷೆ ಅನ್ನುವುದು ಅರ್ಧ ಉತ್ತರ. ಕ್ರಿಯಾಪದ ಕೊನೆಗೆ ಬರುವುದು ಎರಡಕ್ಕೂ ಒಂದೇ, ಇಂಗ್ಲಿಷಿಗೆ ಅದು ನಡುವೆ ಬರಬೇಕು. ಇನ್ನರ್ಧ ಉತ್ತರ ಇದು: ಕನ್ನಡದಲ್ಲಿ ಬರೆದದ್ದನ್ನು ಓದುವವರು ಇದ್ದರು. ಅರ್ಜಿ ಬರೆದರೆ ಪಂಚಾಯತಿನವರು ನೀರಿನ ಪೈಪು ಹಾಕಿಸಿದರು. ತಪ್ಪು ಬರೆದರೆ ಗೆಳೆಯರು ನಕ್ಕರು, ಮುಂದಿನ ಸಲ ತಿದ್ದಿಕೊಂಡೆವು. ನಮ್ಮ ಇಂಗ್ಲಿಷಿಗೆ ಒಬ್ಬನೇ ಓದುಗ, ಕೆಂಪು ಪೆನ್ನು.

ಎರಡನೇ ಭಾಷೆಯಲ್ಲಿ ಬರೆದು ದೊಡ್ಡವರಾದವರ ಉದಾಹರಣೆಗೆ ನಾವು ದೂರ ಹೋಗಬೇಕಾಗಿಲ್ಲ. ಕಾಸರಗೋಡಿನ ಚಂದ್ರಗಿರಿ ಹೊಳೆಯ ಆಸುಪಾಸಿನಲ್ಲಿ ಹುಟ್ಟಿ ಮಂಗಳೂರಿನಲ್ಲಿ ನೆಲೆಸಿದ ಸಾರಾ ಅಬೂಬಕ್ಕರ್ ಅವರ ಮನೆಮಾತು ಮಲಯಾಳ. ತಮ್ಮ ಸಮುದಾಯದಲ್ಲಿ ಶಾಲೆ ಕಲಿತ ಮೊದಮೊದಲ ಹೆಣ್ಣುಮಕ್ಕಳಲ್ಲಿ ಒಬ್ಬರು. ಬರೆದದ್ದು ಕನ್ನಡದಲ್ಲಿ, ಅದೂ ನಡುವಯಸ್ಸಿನಲ್ಲಿ. ‘ಚಂದ್ರಗಿರಿಯ ತೀರದಲ್ಲಿ’ ಮೊದಲು ಬಂದದ್ದು ಲಂಕೇಶ್ ಪತ್ರಿಕೆಯಲ್ಲಿ ಧಾರಾವಾಹಿಯಾಗಿ. ವಾರ ವಾರ ಕಾದು ಓದುವವರು ಇದ್ದರು, ಬೈಯುವವರೂ ಇದ್ದರು. ಹಾಸನದ ಬಾನು ಮುಷ್ತಾಕ್ ಅವರದ್ದೂ ಇದೇ ದಾರಿ. ಮನೆಯಲ್ಲಿ ದಖನಿ ಉರ್ದು. ಎಂಟನೇ ವಯಸ್ಸಿನಲ್ಲಿ ಶಿವಮೊಗ್ಗದ ಕನ್ನಡ ಶಾಲೆಗೆ ಸೇರಿಸುವಾಗ, ಆರು ತಿಂಗಳಲ್ಲಿ ಕನ್ನಡ ಓದಿ ಬರೆಯಲು ಕಲಿಯಬೇಕು ಎಂಬ ಷರತ್ತು ಇತ್ತಂತೆ. ಆ ಕನ್ನಡದ ಕತೆಗಳೇ ದೀಪಾ ಭಾಸ್ತಿಯವರ ಇಂಗ್ಲಿಷಿನಲ್ಲಿ ‘ಹಾರ್ಟ್ ಲ್ಯಾಂಪ್’ ಆಗಿ 2025ರ ಮೇ ತಿಂಗಳಲ್ಲಿ ಅಂತಾರಾಷ್ಟ್ರೀಯ ಬುಕರ್ ಬಹುಮಾನ ತಂದವು.

ದೀಪಾ ಭಾಸ್ತಿಯವರು ಆ ಪುಸ್ತಕದಲ್ಲಿ ಮಾಡಿದ ಒಂದು ಕೆಲಸ ನಮ್ಮ ಇಂಗ್ಲಿಷ್ ಟೀಚರುಗಳು ನೋಡಬೇಕಾದದ್ದು. ಕನ್ನಡ, ಉರ್ದು, ಅರಬಿ ಮಾತುಗಳನ್ನು ಹಾಗೆಯೇ ಇಂಗ್ಲಿಷಿನ ನಡುವೆ ಬಿಟ್ಟಿದ್ದಾರೆ. ಓರೆ ಅಕ್ಷರ ಹಾಕಿಲ್ಲ, ಪುಟದ ಅಡಿಯಲ್ಲಿ ವಿವರಣೆ ಕೊಟ್ಟಿಲ್ಲ. ಲಂಡನ್ನಿನಲ್ಲಿ ಕೂತು ಓದಿದವರಿಗೆ ಅರ್ಥವಾಯಿತು, ಬಹುಮಾನವನ್ನೂ ಕೊಟ್ಟರು. ನಮ್ಮ ಹುಡುಗಿ ಇಂಗ್ಲಿಷಿನಲ್ಲಿ ಪತ್ತಿರ್ ಬಗ್ಗೆ ಬರೆಯುವಾಗ ಮಾತ್ರ ಮೊದಲ ಸಾಲಿನಲ್ಲೇ ನಿಲ್ಲುತ್ತಾಳೆ. ‘ಪತ್ತಿರ್‌ಗೆ ಇಂಗ್ಲಿಷಿನಲ್ಲಿ ಎಂತ ಟೀಚರ್?’ ಎಂತದೂ ಇಲ್ಲ ಮಗಾ, ಪತ್ತಿರ್ ಅಂತಲೇ ಬರೆ. ಅಕ್ಕಿಹಿಟ್ಟನ್ನು ಉಮ್ಮ ಬಿಸಿನೀರಿಗೆ ಹಾಕಿ ಹೇಗೆ ಕಲಸುತ್ತಾರೆ, ಹೇಗೆ ತಟ್ಟುತ್ತಾರೆ, ಅದನ್ನು ಬರೆ. ಓದಿದವರಿಗೆ ಪತ್ತಿರ್ ಅಂದರೆ ಏನು ಅಂತ ಗೊತ್ತಾಗುತ್ತದೆ.

ಇದನ್ನೆಲ್ಲ ನಾವು ಹೊಸದಾಗಿ ಹೇಳುತ್ತಿರುವುದಲ್ಲ. ದೊಡ್ಡ ಪ್ರಯೋಗವೊಂದು ನಮ್ಮ ರಾಜ್ಯದಲ್ಲಿಯೇ ನಡೆದಿದೆ, ನಮಗೇ ಅದರ ನೆನಪಿಲ್ಲ. 1979ರಿಂದ 1984ರವರೆಗೆ ಎನ್.ಎಸ್. ಪ್ರಭು ಎಂಬವರು ಬೆಂಗಳೂರು ಮತ್ತು ಮದರಾಸಿನ ಕೆಲವು ಸಾಮಾನ್ಯ ಶಾಲೆಗಳಲ್ಲಿ ಇಂಗ್ಲಿಷ್ ಕಲಿಸುವ ಬೇರೆ ಕ್ರಮವನ್ನು ಮಾಡಿ ನೋಡಿದರು. ಅವರು ಆಗ ಬ್ರಿಟಿಷ್ ಕೌನ್ಸಿಲಿನಲ್ಲಿದ್ದರು. ಬೆಂಗಳೂರಿನ ದಕ್ಷಿಣ ಭಾರತ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆಯೂ ಇದರಲ್ಲಿ ಕೈಜೋಡಿಸಿತ್ತು. ವ್ಯಾಕರಣದ ಪಾಠ ಇಲ್ಲ, ಬಾಯಿಪಾಠ ಇಲ್ಲ. ದಿನಾ ಒಂದು ಕೆಲಸ: ರೈಲಿನ ವೇಳಾಪಟ್ಟಿ ಕೊಟ್ಟು ಯಾವ ಗಾಡಿ ಹಿಡಿಯಬೇಕು ಎಂದು ಕೇಳುವುದು, ನಕ್ಷೆ ಕೊಟ್ಟು ದಾರಿ ಕೇಳುವುದು. ಮೊದಲು ಇಡೀ ಕ್ಲಾಸು ಸೇರಿ ಅಂಥದೇ ಒಂದನ್ನು ಬಿಡಿಸುವುದು, ಆಮೇಲೆ ಪ್ರತಿಯೊಬ್ಬನೂ ತಾನೇ ಒಂದನ್ನು ಬಿಡಿಸುವುದು. ಅಂಕ ಕೊಡುವಾಗ ನೋಡುತ್ತಿದ್ದದ್ದು ಉತ್ತರ ಸರಿಯಾ ಎಂದು, ಇಂಗ್ಲಿಷ್ ಸರಿಯಾ ಎಂದಲ್ಲ. ಮನಸ್ಸು ಅರ್ಥದ ಮೇಲೆ ಇದ್ದಾಗ ವ್ಯಾಕರಣ ತನ್ನಷ್ಟಕ್ಕೆ ಒಳಗೆ ಕೂರುತ್ತದೆ ಎಂಬುದು ಅವರ ನಂಬಿಕೆ. 1987ರಲ್ಲಿ ಅದರ ಬಗ್ಗೆ ಪುಸ್ತಕ ಬಂತು. ಜಗತ್ತಿನ ಇಂಗ್ಲಿಷ್ ಟೀಚರುಗಳು ಇವತ್ತಿಗೂ ‘ಬ್ಯಾಂಗಳೂರ್ ಪ್ರಾಜೆಕ್ಟ್’ ಎಂದು ಅದನ್ನು ಓದುತ್ತಾರೆ.

ಪ್ರಭು ಅವರ ರೈಲು ಪಟ್ಟಿಯ ಜಾಗದಲ್ಲಿ ನಮ್ಮ ಬಸ್ಸು ಇಟ್ಟರೆ ಆಯಿತು. ಉಡುಪಿಯ ರೈಲು ನಿಲ್ದಾಣ ಇರುವುದು ಇಂದ್ರಾಳಿಯಲ್ಲಿ. ಪೆರ್ಡೂರಿನಿಂದ ಹಿರಿಯಡ್ಕ, ಪರ್ಕಳ, ಮಣಿಪಾಲ ದಾಟಿ ಉಡುಪಿಗೆ ಹೋಗುವ ಬಸ್ಸಿನ ದಾರಿಯಲ್ಲೇ ಅದು. ಸಂಜೆ ಐದರ ರೈಲಿಗೆ ಮುಂಬಯಿಯ ಮಾಮ ಹೊರಡುವುದು ಅಂತ ಇಟ್ಟುಕೊಳ್ಳಿ. ಅವರಿಗೆ ಕನ್ನಡ ಓದಲು ಬರುವುದಿಲ್ಲ. ಎಷ್ಟು ಗಂಟೆಗೆ ಮನೆ ಬಿಡಬೇಕು, ಎಲ್ಲಿ ಬಸ್ಸು ಹತ್ತಬೇಕು, ಎಲ್ಲಿ ಇಳಿಯಬೇಕು, ಮಳೆಗಾಲ ಆದ್ದರಿಂದ ಎಷ್ಟು ಹೊತ್ತು ಹೆಚ್ಚು ಇಟ್ಟುಕೊಳ್ಳಬೇಕು, ಎಲ್ಲವನ್ನೂ ಇಂಗ್ಲಿಷಿನಲ್ಲಿ ಬರೆದು ಕೊಡಬೇಕು. ಎಂಟನೇ ಕ್ಲಾಸಿನ ಹುಡುಗನಿಗೆ ಈ ಕೆಲಸ ಆಗುತ್ತದೆ. ತಪ್ಪು ಬರೆದರೆ ಮಾಮ ಮಣಿಪಾಲದಲ್ಲಿ ಇಳಿಯುತ್ತಾರೆ, ಅದು ಯಾವ ಕೆಂಪು ಗೆರೆಗಿಂತಲೂ ಚೆನ್ನಾಗಿ ನೆನಪಿರುತ್ತದೆ. ಪೆರ್ಡೂರಿನಲ್ಲಿ ಬರೆಯಲು ವಿಷಯಕ್ಕೇನು ಬರಗಾಲವಾ? ಅನಂತಪದ್ಮನಾಭ ದೇವಸ್ಥಾನದ ಆಸುಪಾಸಿನಲ್ಲಿ ಅಷ್ಟು ಬಾಳೆಹಣ್ಣು ಯಾಕೆ ಮಾರಾಟವಾಗುತ್ತದೆ ಎಂದು ಹೊರಗಿನಿಂದ ಬಂದವರು ಯಾರಾದರೂ ಕೇಳಿಯೇ ಕೇಳುತ್ತಾರೆ. ಊರಿನ ದೇವರಿಗೆ ಬಾಳೆಹಣ್ಣಿನ ಸೇವೆ ಎಂದು ನಮ್ಮ ಮಕ್ಕಳಿಗೂ ಗೊತ್ತು, ಪೆರ್ಡೂರು ಮೇಳದ ಆಟ ಇಡೀ ರಾತ್ರಿ ನಡೆಯುವುದೂ ಗೊತ್ತು. ಗೊತ್ತಿರುವವನು ಗೊತ್ತಿಲ್ಲದವನಿಗೆ ಹೇಳುವುದು, ಅದಕ್ಕಿಂತ ಒಳ್ಳೆಯ ಬರವಣಿಗೆಯ ಅಭ್ಯಾಸ ನಮಗೆ ಕಾಣುವುದಿಲ್ಲ.

ಫ್ರಾನ್ಸಿನಲ್ಲಿ ಸೆಲೆಸ್ತಾಂ ಫ್ರೆನೆ ಎಂಬ ಒಬ್ಬ ಹಳ್ಳಿ ಮೇಷ್ಟ್ರು ಇದ್ದರು. ಮೊದಲ ಮಹಾಯುದ್ಧದಲ್ಲಿ ಶ್ವಾಸಕೋಶಕ್ಕೆ ಪೆಟ್ಟು ಬಿದ್ದು, ಕ್ಲಾಸಿನಲ್ಲಿ ಹೆಚ್ಚು ಹೊತ್ತು ಮಾತಾಡಲು ಆಗುತ್ತಿರಲಿಲ್ಲ. ಮೇಷ್ಟ್ರಿಗೆ ಉಸಿರು ಕಟ್ಟುತ್ತದೆ ಎಂದಾದರೆ ಮಕ್ಕಳೇ ಕೆಲಸ ಮಾಡಬೇಕಷ್ಟೆ. 1924ರಲ್ಲಿ ಅವರು ಶಾಲೆಗೆ ಒಂದು ಸಣ್ಣ ಮುದ್ರಣ ಯಂತ್ರ ತಂದರು. ಮಕ್ಕಳು ಹೊರಗೆ ಸುತ್ತಾಡಿ ಬಂದು ಕಂಡದ್ದನ್ನು ಬರೆದರು, ತಾವೇ ಅಕ್ಷರ ಜೋಡಿಸಿ ಅಚ್ಚು ಹಾಕಿದರು, ದೂರದ ಬ್ರಿಟನಿ ಕರಾವಳಿಯ ಇನ್ನೊಂದು ಶಾಲೆಗೆ ಕಳಿಸಿದರು. ಅಲ್ಲಿಂದ ಸಮುದ್ರದ ಕತೆ ಬಂತು, ಇಲ್ಲಿಂದ ಬೆಟ್ಟದ ಕತೆ ಹೋಯಿತು. ಆಚೆ ಓದುವ ಹುಡುಗನಿಗೆ ಅರ್ಥವಾಗಬೇಕು ಎಂಬ ಒಂದೇ ಕಾರಣಕ್ಕೆ ಮಕ್ಕಳು ತಮ್ಮ ಸಾಲನ್ನು ತಿದ್ದಿದರು.

ನಮ್ಮಲ್ಲಿ ಆ ಆಚೆಯ ಹುಡುಗ ಯಾರು? ನಾವು ಈ ಪ್ರಶ್ನೆಯ ಮೇಲೆ ಸ್ವಲ್ಪ ಹೊತ್ತು ಕೂರೋಣ, ಯಾಕೆಂದರೆ ಉತ್ತರ ನಮ್ಮ ಮನೆಯೊಳಗೇ ಇದೆ. ಗಲ್ಫಿನಲ್ಲಿ ಸಂಸಾರ ಇಟ್ಟುಕೊಂಡವರ ಮಕ್ಕಳು ಅಲ್ಲಿನ ಇಂಡಿಯನ್ ಸ್ಕೂಲಿನಲ್ಲಿ ಓದುತ್ತಾರೆ. ಮನೆಯಲ್ಲಿ ಬ್ಯಾರಿ ಆಡುತ್ತಾರೆ, ಶಾಲೆಯಲ್ಲಿ ಇಂಗ್ಲಿಷ್ ಬರೆಯುತ್ತಾರೆ. ಕನ್ನಡ ಅಕ್ಷರ ಹೆಚ್ಚಿನವರಿಗೆ ಗೊತ್ತಿಲ್ಲ. ಊರಿನ ಕಾಕನ ಮಗಳು ಕನ್ನಡ ಬರೆಯುತ್ತಾಳೆ, ಶಾರ್ಜಾದ ತಂಗಿಗೆ ಅದು ಓದಲು ಬರುವುದಿಲ್ಲ. ಇಬ್ಬರಿಗೂ ಮಾತಾಡಲು ಬ್ಯಾರಿ ಇದೆ. ಬರೆದು ಹಂಚಿಕೊಳ್ಳಲು ಇಬ್ಬರಿಗೂ ಗೊತ್ತಿರುವ ಭಾಷೆ ಒಂದೇ, ಇಂಗ್ಲಿಷ್. ಬೇರೆ ಊರಿನ ಟೀಚರುಗಳು ಇಂಗ್ಲಿಷ್ ಕ್ಲಾಸಿಗೆ ಪತ್ರದ ಗೆಳೆಯರನ್ನು ಹುಡುಕಿ ಸುಸ್ತಾಗುತ್ತಾರೆ. ನಮಗೆ ಅಲ್ಲಾಹು ಅದನ್ನು ಕುಟುಂಬದಲ್ಲಿಯೇ ಕೊಟ್ಟಿದ್ದಾನೆ, ನಾವು ಉಪಯೋಗಿಸುತ್ತಿಲ್ಲ.

ಒಂದು ಕಾಲದಲ್ಲಿ ಉಪಯೋಗಿಸುತ್ತಿದ್ದೆವು, ಕನ್ನಡದಲ್ಲಿ. ಫೋನು ಮನೆ ಮನೆಗೆ ಬರುವ ಮೊದಲು ಗಲ್ಫಿನ ಕಾಗದ ಬಂತೆಂದರೆ ಅಕ್ಕಪಕ್ಕದವರೂ ಸೇರುತ್ತಿದ್ದರು. ಊರಿಗೆ ಹೊರಟವರ ಕೈಯಲ್ಲಿ ಕಟ್ಟು ಕಟ್ಟು ಕಾಗದ ಬರುತ್ತಿತ್ತು. ಓದಲು ಬಾರದ ಉಮ್ಮಂದಿರು ಶಾಲೆಗೆ ಹೋಗುವ ಮಕ್ಕಳ ಕೈಯಲ್ಲಿ ಓದಿಸುತ್ತಿದ್ದರು, ಉತ್ತರ ಹೇಳಿ ಬರೆಸುತ್ತಿದ್ದರು. ‘ಅದಲ್ಲ, ಹೀಗೆ ಬರೆ’ ಎಂದು ಎರಡೆರಡು ಸಲ ತಿದ್ದಿಸುತ್ತಿದ್ದರು. ಇವತ್ತು ಯೋಚಿಸಿದರೆ, ಆ ಉಮ್ಮಂದಿರೇ ಆ ಮಕ್ಕಳ ಮೊದಲ ಬರವಣಿಗೆಯ ಟೀಚರುಗಳು. ಈಗ ವಾಯ್ಸ್ ಮೆಸೇಜು ಬಂದಿದೆ. ಬಟನ್ ಒತ್ತಿ ಹಿಡಿದು ಎರಡು ನಿಮಿಷ ಮಾತಾಡಿದರೆ ಮುಗಿಯಿತು. ಸೌಕರ್ಯ ಹೌದು, ದೂರುವುದಿಲ್ಲ, ದಿನಾ ಬಾಪನ ಸ್ವರ ಕೇಳುವ ಸುಖ ಸಣ್ಣದಲ್ಲ. ಆದರೆ ಮನೆಯಿಂದ ಬರವಣಿಗೆ ಎದ್ದು ಹೋದದ್ದೂ ಅದರ ಜೊತೆಗೇ.

ಹದಿನೈದು ದಿನಕ್ಕೊಮ್ಮೆ ಒಂದು ಪುಟ. ನಾವು ಹೇಳುವುದು ಇಷ್ಟೇ. ನೋಟ್‌ಬುಕ್ಕಿನಲ್ಲಿ ಪೆನ್ನಿನಲ್ಲಿ ಬರೆದು, ಅದರ ಫೋಟೋ ತೆಗೆದು, ಮನೆಯ ದೊಡ್ಡವರ ಫೋನಿನಿಂದಲೇ ಕಳಿಸಲಿ. ಆಚೆಯಿಂದಲೂ ಹಾಗೆಯೇ ಬರಲಿ. ಗಲ್ಫಿನಲ್ಲಿ ಯಾರೂ ಇಲ್ಲದವರಿಗೆ ಭಟ್ಕಳದಲ್ಲೋ ಉಪ್ಪಿನಂಗಡಿಯಲ್ಲೋ ಬೆಂಗಳೂರಿನಲ್ಲೋ ಸಂಬಂಧಿಕರ ಮಕ್ಕಳು ಇರುತ್ತಾರೆ. ಅಂಚೆ ಕಾರ್ಡಿಗೆ ಇನ್ನೂ 50 ಪೈಸೆಯೇ. ಕಾರ್ಡಿನಲ್ಲಿ ಜಾಗ ಕಡಿಮೆ, ಹಾಗಾಗಿ ಇಂಗ್ಲಿಷಿನಲ್ಲಿ ಮೊದಲು ಬರೆಯುವವರಿಗೆ ಅದು ಹೆದರಿಕೆಯನ್ನೂ ಕಡಿಮೆ ಮಾಡುತ್ತದೆ.

ಶುರುವಿನಲ್ಲಿ ಇಂಗ್ಲಿಷ್ ಹೇಗಿರುತ್ತದೆ? ಒಬ್ಬಳು ಹೀಗೆ ಬರೆದಳು ಅನ್ನಿ: ‘ಯೆಸ್ಟರ್‌ಡೇ ರೈನ್ ಕೇಮ್. ಕರೆಂಟ್ ವೆಂಟ್. ವಿ ಈಟ್ ಪತ್ತಿರ್ ಇನ್ ಕ್ಯಾಂಡಲ್.’ ಇದನ್ನು ಕಂಡ ಕೂಡಲೇ ಕೆಂಪು ಪೆನ್ನು ಹಿಡಿಯುವವರು ಮೂರು ಸಾಲಿಗೆ ನಾಲ್ಕು ಗೆರೆ ಎಳೆಯುತ್ತಾರೆ. ನಾವು ಎಳೆಯುವುದಿಲ್ಲ. ಮೊದಲು ನೋಡಬೇಕಾದದ್ದು, ಈ ಮೂರು ಸಾಲಿನಲ್ಲಿ ಒಂದು ರಾತ್ರಿ ಇದೆ. ಮಳೆ ಇದೆ, ಕತ್ತಲೆ ಇದೆ, ಮೇಣದ ಬತ್ತಿ ಇದೆ, ತಿನ್ನುವುದಿದೆ. ಬಾಯಿಪಾಠದ ಯಾವ ಪ್ರಬಂಧದಲ್ಲೂ ಇಷ್ಟು ಜೀವ ಇರುವುದಿಲ್ಲ. ಆಮೇಲೆ ಒಂದೇ ಒಂದು ತಪ್ಪು ಆರಿಸಿ. ‘ಕೇಮ್’ ಸರಿಯಾಗಿ ಬರೆದಿದ್ದಾಳೆ, ‘ವೆಂಟ್’ ಸರಿಯಾಗಿ ಬರೆದಿದ್ದಾಳೆ. ನಿನ್ನೆಯ ಸಂಗತಿಗೆ ಕ್ರಿಯಾಪದ ಬದಲಾಗುತ್ತದೆ ಎಂದು ಅವಳಿಗೆ ಗೊತ್ತಿದೆ. ಹಾಗಾದರೆ ‘ಈಟ್’ ಏನಾಗಬೇಕು ಎಂದು ಕೇಳಿದರೆ ಸಾಕು, ‘ಏಟ್’ ಎಂದು ಅವಳೇ ಹೇಳುತ್ತಾಳೆ. ‘ರೈನ್ ಕೇಮ್’, ‘ಇನ್ ಕ್ಯಾಂಡಲ್’ ಮುಂದಿನ ತಿಂಗಳಿಗೆ ಇರಲಿ. ಶಾರ್ಜಾದ ತಂಗಿ ‘ಇಟ್ ರೇನ್ಡ್ ಹಿಯರ್ ಆಲ್ಸೋ’ ಎಂದು ಬರೆದ ದಿನ ಅದರಲ್ಲಿ ಅರ್ಧ ತಾನಾಗಿ ಸರಿಯಾಗಬಹುದು. ನಿಜವಾದ ಓದುಗರು ತಪ್ಪು ಹುಡುಕುವುದಿಲ್ಲ, ಪ್ರಶ್ನೆ ಕೇಳುತ್ತಾರೆ. ‘ಇನ್ವರ್ಟರ್ ಇರಲಿಲ್ಲವಾ? ಹೆದರಿಕೆ ಆಗಲಿಲ್ಲವಾ?’ ಅದಕ್ಕೆ ಉತ್ತರ ಬರೆಯುವಾಗ ಮೂರು ಸಾಲು ಆರಾಗುತ್ತದೆ.

ಟೀಚರುಗಳ ಕಷ್ಟವನ್ನೂ ಹೇಳಬೇಕು, ಇಲ್ಲದಿದ್ದರೆ ಮಾತು ಏಕಪಕ್ಷೀಯ ಆಗುತ್ತದೆ. ನಲವತ್ತು ಮಕ್ಕಳಿಗೆ ವಾರಕ್ಕೊಂದು ಪುಟ ಬರೆಸಿದರೆ ವಾರಕ್ಕೆ ನಲವತ್ತು ಪುಟ ಓದಬೇಕು, ಅದೂ ಒಂದು ತರಗತಿಯದ್ದು ಮಾತ್ರ. ಚುನಾವಣೆ, ಗಣತಿ, ಬಿಸಿಯೂಟದ ಲೆಕ್ಕ ಎಲ್ಲ ಅವರದೇ ತಲೆಗೆ. ಹಾಗಾಗಿ ಟೀಚರೇ ಎಲ್ಲವನ್ನೂ ಓದಿ ತಿದ್ದಬೇಕು ಎಂಬ ಕ್ರಮವನ್ನು ಬಿಟ್ಟುಬಿಟ್ಟರೆ ಮಾತ್ರ ಇದು ನಡೆಯುತ್ತದೆ. ಕ್ಲಾಸಿಗೆ ಇನ್ನೂರು ಪುಟದ ಒಂದು ದೊಡ್ಡ ನೋಟ್‌ಬುಕ್ಕು ತಂದಿಡುವುದು. ದಿನಕ್ಕೊಬ್ಬರು ಅದನ್ನು ಮನೆಗೆ ಒಯ್ದು ಒಂದು ಪುಟ ಬರೆದು ತರುವುದು. ಮರುದಿನ ಒಯ್ಯುವವರು ಹಿಂದಿನ ಪುಟ ಓದಿ, ಅಡಿಯಲ್ಲಿ ಒಂದು ಪ್ರಶ್ನೆ ಬರೆದು, ಆಮೇಲೆ ತಮ್ಮದನ್ನು ಬರೆಯುವುದು. ಟೀಚರ್ ವಾರಕ್ಕೊಮ್ಮೆ ತಿರುವಿ ನೋಡಿ, ಹತ್ತು ಮಂದಿಗೆ ಸಮಾನವಾಗಿ ಕಂಡ ಒಂದು ತಪ್ಪನ್ನು ಬೋರ್ಡಿನ ಮೇಲೆ ಹೇಳಿಕೊಟ್ಟರೆ ಆಯಿತು. ನಮ್ಮ ಶಾಲೆಗಳಲ್ಲಿ ಗೋಡೆ ಪತ್ರಿಕೆ, ಕೈಬರಹ ಪತ್ರಿಕೆ ಹೊಸದೇನಲ್ಲ. ಕನ್ನಡದಲ್ಲಿ ಎಷ್ಟೋ ಕಡೆ ಚಂದದ್ದು ಬಂದಿವೆ. ಇಂಗ್ಲಿಷಿಗೆ ಅದೇ ಗೋಡೆಯಲ್ಲಿ ಒಂದು ಮೂಲೆ ಕೇಳುತ್ತಿದ್ದೇವೆ. ಆಂತರಿಕ ಮೌಲ್ಯಮಾಪನದ 20 ಅಂಕದೊಳಗೆ ಇಂಥ ಚಟುವಟಿಕೆಗೆ ಜಾಗ ಮಾಡಿಕೊಳ್ಳಬಹುದು. ಬಾಯಿಪಾಠದ ‘ಪ್ರಾಜೆಕ್ಟ್’ ಅಂಗಡಿಯಿಂದ ತಂದು ಅಂಟಿಸುವುದಕ್ಕಿಂತ ಇದು ಖರ್ಚೂ ಕಡಿಮೆ.

ಮಕ್ಕಳ ಬರಹವನ್ನು ಮೊಬೈಲಿನಲ್ಲಿ ಎಲ್ಲರಿಗೂ ಕಾಣುವ ಹಾಗೆ ಹಾಕಬೇಕಾ ಎಂದು ಕೇಳುವವರಿದ್ದಾರೆ. ಹೆಣ್ಣುಮಕ್ಕಳ ಮನೆಯವರಿಗೆ ಅದರಲ್ಲಿ ಅಂಜಿಕೆ ಇದೆ, ಆ ಅಂಜಿಕೆಗೆ ಕಾರಣವೂ ಇದೆ. ನಮ್ಮ ಅಭಿಪ್ರಾಯದಲ್ಲಿ ಅದರ ಅಗತ್ಯ ಇಲ್ಲ. ಬರೆಯುವವರಿಗೆ ಬೇಕಾದದ್ದು ಸಾವಿರ ಜನ ಅಲ್ಲ, ಉತ್ತರ ಕೊಡುವ ಒಬ್ಬರು. ಯಾರೂ ಓದಬಹುದು ಅನ್ನುವ ಜಾಗದಲ್ಲಿ ಎಷ್ಟೋ ಸಲ ಯಾರೂ ಓದುವುದಿಲ್ಲ, ಓದಿದವರು ಒಂದು ಹೆಬ್ಬೆರಳು ಒತ್ತಿ ಹೋಗುತ್ತಾರೆ. ಹಾಕಲೇಬೇಕೆಂದಿದ್ದರೆ ಹೆಸರು, ಊರು, ಫೋಟೋ ಇಲ್ಲದೆ, ಟೀಚರ ಹೆಸರಿನಲ್ಲಿ ಹಾಕಲಿ.

ಮೊಬೈಲಿನ ಇನ್ನೊಂದು ಉಪದ್ರ ಇದಕ್ಕಿಂತ ದೊಡ್ಡದು. ಈಗ ‘ಮೈ ವಿಲೇಜ್ ಬಗ್ಗೆ ಎಸ್ಸೇ’ ಎಂದು ಫೋನಿಗೆ ಹೇಳಿದರೆ ಒಂದು ತಪ್ಪೂ ಇಲ್ಲದೆ ಪುಟಗಟ್ಟಲೆ ಬರೆದುಕೊಡುತ್ತದೆ. ಹುಡುಗರು ಅದನ್ನು ನೋಟ್‌ಬುಕ್ಕಿಗೆ ಇಳಿಸಿ ತರುತ್ತಾರೆ. ಟೀಚರಿಗೆ ಗೊತ್ತಾಗುತ್ತದೆ, ಯಾಕೆಂದರೆ ಪೆರ್ಡೂರಿನ ಹುಡುಗನ ಊರಿನಲ್ಲಿ ಗೋಧಿ ಹೊಲ ಇರುತ್ತದೆ. ಬೈದು ಪ್ರಯೋಜನ ಇಲ್ಲ. ಯಾರೂ ಓದದ ಪ್ರಬಂಧವನ್ನು ಯಾರು ಬರೆದರೇನು ಎಂಬ ಹುಡುಗನ ಲೆಕ್ಕಾಚಾರದಲ್ಲಿ ತಪ್ಪು ಹುಡುಕುವುದು ಕಷ್ಟ. ನಿನ್ನೆ ರಾತ್ರಿ ಕರೆಂಟು ಹೋದಾಗ ಮನೆಯಲ್ಲಿ ಏನಾಯಿತು ಎಂದು ಶಾರ್ಜಾದ ತಂಗಿಗೆ ಬರೆಯುವಾಗ ಫೋನು ಸಹಾಯಕ್ಕೆ ಬರುವುದಿಲ್ಲ. ಅದಕ್ಕೆ ಗೊತ್ತೇ ಇಲ್ಲವಲ್ಲ.

‘ನಮಗೆ ಇಂಗ್ಲಿಷ್ ಬರುವುದಿಲ್ಲ, ಮನೆಯಲ್ಲಿ ಯಾರು ನೋಡಿಕೊಡುವುದು?’ ಇದು ಉಮ್ಮಂದಿರು ಕೇಳುವ ಪ್ರಶ್ನೆ, ಇದಕ್ಕೆ ಉತ್ತರ ಸುಲಭ. ತಿದ್ದುವುದು ಬೇಡ, ಕೇಳಿದರೆ ಸಾಕು. ಬರೆದ ಪುಟವನ್ನು ಹುಡುಗಿ ಮೊದಲು ಇಂಗ್ಲಿಷಿನಲ್ಲಿ ಗಟ್ಟಿಯಾಗಿ ಓದಲಿ, ಆಮೇಲೆ ಬ್ಯಾರಿಯಲ್ಲಿ ಹೇಳಲಿ. ಹೇಳುವಾಗ ಬ್ಯಾರಿಯಲ್ಲಿ ಹತ್ತು ಮಾತು ಬರುತ್ತದೆ, ಪುಟದಲ್ಲಿ ಮೂರೇ ಇರುತ್ತದೆ. ಉಮ್ಮ ಕೂಡಲೇ ಹಿಡಿಯುತ್ತಾರೆ, ‘ಮೇಣದ ಬತ್ತಿ ಮುಗಿದು ಹೋದದ್ದನ್ನು ಬರೆಯಲೇ ಇಲ್ಲವಲ್ಲ?’ ಹುಡುಗಿ ಮತ್ತೆ ಪೆನ್ನು ತೆಗೆಯುತ್ತಾಳೆ. ಪುಟದ ಅಡಿಯಲ್ಲಿ ಇನ್ನೂ ಎರಡು ಸಾಲಿಗೆ ಜಾಗ ಇರುತ್ತದೆ.